ಮನೆತನದ ಹಳೆ ಕಾಗದಪತ್ರ ಹರಾಜಿಗೆ ಬಂದ್ರೆ ಏನ್ ಮಾಡ್ಬೇಕು? ಹುಡುಕೋದರಿಂದ ಮನೇಲಿ ಜೋಪಾನ ಮಾಡೋವರೆಗೆ

ನಮ್ಮ ಮುತ್ತಜ್ಜನ ತಮ್ಮ ಬರೆದ ಕಾಗದಗಳ ಒಂದು ಕಟ್ಟು ಆನ್‌ಲೈನ್ ಹರಾಜಲ್ಲಿ ಮಾರಾಟ ಆಗೋಗಿತ್ತು, ನಾನು ಅದನ್ನ ನೋಡಿದ್ದು ಸುತ್ತಿಗೆ ಬಿದ್ದು ಒಂಬತ್ತು ದಿನ ಆದ್ಮೇಲೆ. ಫೋಟೋದಲ್ಲಿ ಮೇಲಿನ ಕಾಗದದ ಮೂರು ಸಾಲು ಮಾತ್ರ ಓದೋಕಾಗ್ತಿತ್ತು, ಅದರಲ್ಲೊಂದು ಸಾಲಲ್ಲಿ ನಮ್ಮಜ್ಜಿ ಹೆಸರು, ಅವಳಿಗಾಗ ಆರೇಳು ವರ್ಷ ಇರ್ಬೇಕು, ಜ್ವರ ಬಿಟ್ಟಿತಾ ಅಂತ ಕೇಳಿದ್ರು. ಅಷ್ಟೇ ಕಂಡಿದ್ದು. ಮಿಕ್ಕಿದ್ದೆಲ್ಲ ಯಾರೋ ಕೊಂಡು ಹೋಗಿಯಾಗಿತ್ತು, ಆ ರಾತ್ರಿ ನಿದ್ದೆ ಬರ್ಲಿಲ್ಲ ನನಗೆ.

ಆಮೇಲೆ ನಾಲ್ಕೈದು ವರ್ಷ ಈ ಹರಾಜುಗಳ ಹಿಂದೆ ಬಿದ್ದು ಒಂದಿಷ್ಟು ಕಲಿತೆ, ಕೆಲವು ಸಿಕ್ಕವು, ಕೆಲವು ಕೈತಪ್ಪಿದವು. ಗೊತ್ತಾಗಿದ್ದನ್ನ ಬರೀತಿದೀನಿ, ಯಾಕಂದ್ರೆ ಕ್ಯಾಟಲಾಗ್ ಹೊರಬಿದ್ದು ಮಾರಾಟ ಆಗೋವರೆಗೆ ಸಿಗೋದು ಸಾಮಾನ್ಯವಾಗಿ ಎರಡು ಮೂರು ವಾರ, ಆ ಗ್ಯಾಪಲ್ಲಿ ಕೂತು ಎಲ್ಲಾನೂ ಕಲಿಯೋಕಾಗಲ್ಲ. ಮತ್ತೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ: ಒಂದೊಂದು ಕಾಗದಕ್ಕಿಂತ ಕಟ್ಟು ಮುಖ್ಯ. ಒಬ್ಬರು ಬರೆದದ್ದು, ಅದಕ್ಕೆ ಬಂದ ಉತ್ತರ, ನಡುವೆ ಸಿಕ್ಕಿಸಿದ ರಸೀದಿ, ಎಲ್ಲ ಒಟ್ಟಿಗಿದ್ರೇನೇ ಒಂದು ಮನೆ ಕಥೆ ಗೊತ್ತಾಗೋದು. ಹರಾಜಲ್ಲಿ ನಿಜವಾಗಿ ಆಗೋ ನಷ್ಟ ಅಂದ್ರೆ ಆ ಕಟ್ಟು ಹರಿದು ಹಂಚಿ ಹೋಗೋದು. ಕೆಳಗೆ ಹೇಳೋ ಎಲ್ಲಾ ಹಂತದಲ್ಲೂ ಇದನ್ನ ತಲೇಲಿಟ್ಕೊಳ್ಳಿ.

ಕಾಗದ ಮನೆಯಿಂದ ಆಚೆ ಹೋಗೋದು ಹೇಗೆ ಅಂತ ಮೊದಲು ತಿಳ್ಕೊಳ್ಳಿ

ಯಾರೋ ಕದ್ದು ಮಾರಿದ್ರು ಅಂತ ಮನಸ್ಸಿಗೆ ಮೊದಲು ಅನ್ಸತ್ತೆ, ಆದ್ರೆ ಬಹಳ ಸಲ ಹಾಗಿರಲ್ಲ. ಒಬ್ಬರು ತೀರಿಕೊಳ್ತಾರೆ, ಮಕ್ಕಳು ದೂರದಲ್ಲಿರ್ತಾರೆ, ಮನೆ ಖಾಲಿ ಮಾಡಿಸೋಕೆ ಒಬ್ಬರಿಗೆ ವಹಿಸ್ತಾರೆ, ಬೀರುವಿನ ತಳದಲ್ಲಿದ್ದ ಡಬ್ಬ ಹಂಗೇ ಕುರ್ಚಿ ಮೇಜಿನ ಜೊತೆ ಹೋಗತ್ತೆ. ಬಾಡಿಗೆ ಕಟ್ಟದ ಸ್ಟೋರೇಜ್ ರೂಮಿನ ಸಾಮಾನು ಹರಾಜಾಗೋದು ಇನ್ನೊಂದು ದಾರಿ. ಫೋಟೋಗ್ರಾಫರ್ ವಿವಿಯನ್ ಮೇಯರ್ ಇಡೀ ಜೀವಮಾನ ತೆಗೆದ ನೆಗೆಟಿವ್‌ಗಳು 2007ರಲ್ಲಿ ಶಿಕಾಗೋದಲ್ಲಿ ಹೀಗೇ ಮಾರಾಟ ಆಗಿದ್ದು, ಆಕೆ ಇನ್ನೂ ಬದುಕಿದ್ದಾಗಲೇ, ಮತ್ತೆ ಅವು ಒಬ್ಬರಿಗಲ್ಲ, ಬೇರೆ ಬೇರೆಯವರಿಗೆ ಹೋದವು. ಮೂರನೇ ದಾರಿ ಸಾಲ. 15ನೇ ಶತಮಾನದ ಇಂಗ್ಲೆಂಡಿನ ಪಾಸ್ಟನ್ ಮನೆತನದ ಪತ್ರಗಳಿವೆಯಲ್ಲ, ಹೆಂಡತಿ ಗಂಡನಿಗೆ, ತಾಯಿ ಮಗನಿಗೆ ಬರೆದವು, ಆ ವಂಶದ ಕೊನೆಯ ಅರ್ಲ್ (ಅಲ್ಲಿನ ಕುಲೀನರ ಒಂದು ಪದವಿ) 1732ರಲ್ಲಿ ಸಾಲ ಹೊತ್ಕೊಂಡೇ ತೀರಿಹೋದ, ಕಾಗದಗಳು ಹಳೆ ವಸ್ತು ಸಂಗ್ರಹಿಸೋರ ಕೈಯಿಂದ ಕೈಗೆ ಓಡಾಡಿ 1787ರಲ್ಲಿ ಜಾನ್ ಫೆನ್ ಅನ್ನೋರು ಅಚ್ಚು ಹಾಕಿಸೋ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ಈಗ ಹೆಚ್ಚಿನವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಯಾವ ದಾರೀಲಿ ಹೋಗಿರಬಹುದು ಅಂತ ಅಂದಾಜಿದ್ರೆ ಎಲ್ಲಿ ಹುಡುಕಬೇಕು ಅಂತಾನೂ ಗೊತ್ತಾಗತ್ತೆ. ಮನೆ ಖಾಲಿ ಮಾಡಿಸಿದವರು ಯಾರು, ಅವರು ಯಾವ ಹರಾಜು ಸಂಸ್ಥೆಗೆ ಕೊಡ್ತಾರೆ ಅಂತ ಒಂದು ಫೋನ್ ಮಾಡಿ ಕೇಳಿದ್ರೆ ಆರು ತಿಂಗಳ ಹುಡುಕಾಟ ಉಳೀಬಹುದು.

ಹುಡುಕೋದು: ಬರೀ ಮನೆತನದ ಹೆಸರು ಹಾಕಿದ್ರೆ ಸಿಗಲ್ಲ

ನಾನು ಮಾಡಿದ ದೊಡ್ಡ ತಪ್ಪು ಇದೇ. ಮನೆತನದ ಹೆಸರು ಹಾಕಿ ಹುಡುಕ್ತಿದ್ದೆ, ಏನೂ ಬರ್ತಿರ್ಲಿಲ್ಲ. ಕ್ಯಾಟಲಾಗ್ ಬರೆಯೋರಿಗೆ ದಿನಕ್ಕೆ ನೂರಾರು ಐಟಂ ಇರತ್ತೆ, ಕಾಗದ ಬಿಡಿಸಿ ಓದ್ತಾ ಕೂರಲ್ಲ, "ಪತ್ರಗಳ ಕಟ್ಟು, ಸುಮಾರು 1890ರಿಂದ" ಅಂತ ಹಾಕಿ ಮುಂದೆ ಹೋಗ್ತಾರೆ. ಹೆಸರು ಓದಿದ್ರೂ ತಪ್ಪಾಗಿ ಓದಿರ್ತಾರೆ, ಹಳೆ ಕೈಬರಹ ಅಂದ್ರೆ ಹಂಗೇ. ಅದಕ್ಕೇ ಊರಿನ ಹೆಸರು, ಹಳೆ ಸ್ಪೆಲಿಂಗಲ್ಲಿ ಊರಿನ ಹೆಸರು, ಕೆಲಸ ಮಾಡಿದ ಕಂಪನಿ, ರೆಜಿಮೆಂಟು, ಹಡಗು, ಓದಿದ ಕಾಲೇಜು, ಮದುವೆಗೆ ಮುಂಚಿನ ಹೆಣ್ಣುಮಕ್ಕಳ ಹೆಸರು, ಇವನ್ನೆಲ್ಲ ಹಾಕಿ ನೋಡ್ಬೇಕು. ಹೆಸರನ್ನ ತಪ್ಪಾಗಿ ಎಷ್ಟು ರೀತಿ ಓದಬಹುದು ಅಂತ ಒಂದು ಲಿಸ್ಟ್ ಮಾಡಿ, ಅವನ್ನೂ ಹಾಕಿ.

ಇಬೇ, ಇನ್‌ವ್ಯಾಲ್ಯುಯಬಲ್, ಲೈವ್ ಆಕ್ಷನಿಯರ್ಸ್, ದಿ ಸೇಲ್‌ರೂಮ್, ಡೆಲ್‌ಕ್ಯಾಂಪ್ ಈ ತರ ಸೈಟುಗಳಲ್ಲಿ ಹುಡುಕಾಟನ ಸೇವ್ ಮಾಡಿ ಅಲರ್ಟ್ ಇಡಬಹುದು, ಹೊಸದೇನಾದ್ರೂ ಬಂದ್ರೆ ಮೇಲ್ ಬರತ್ತೆ. ಹತ್ತಿಪ್ಪತ್ತು ಅಲರ್ಟ್ ಇಡಿ, ಜಾಸ್ತಿ ಆಯ್ತು ಅಂತ ಅನ್ಕೋಬೇಡಿ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಹಳೆ ಮನೆತನದ ಕಾಗದ ಬಹಳಷ್ಟು ಸಲ "ಪತ್ರ" ವಿಭಾಗದಲ್ಲಿ ಇರೋದೇ ಇಲ್ಲ, ಸ್ಟ್ಯಾಂಪು ಮತ್ತು ಅಂಚೆ ಇತಿಹಾಸದ ವಿಭಾಗದಲ್ಲಿರತ್ತೆ. ಕಾರಣ ಹೀಗೆ: ಇಂಗ್ಲೆಂಡಲ್ಲಿ 1840ಕ್ಕೆ ಮುಂಚೆ ಅಂಚೆ ಖರ್ಚು ದೂರದ ಮೇಲೆ, ಎಷ್ಟು ಹಾಳೆ ಅನ್ನೋದರ ಮೇಲೆ ಇತ್ತು, ಲಕೋಟೆ ಹಾಕಿದ್ರೆ ಅದೂ ಒಂದು ಹಾಳೆ ಲೆಕ್ಕ, ಹಾಗಾಗಿ ಜನ ಕಾಗದನ್ನೇ ಮಡಚಿ ಮೇಲೆ ವಿಳಾಸ ಬರೆದು ಅರಗು ಹಾಕಿ ಕಳಿಸೋರು, ಜಾಗ ಸಾಲದಿದ್ರೆ ಬರೆದ ಹಾಳೆಯನ್ನ ತಿರುಗಿಸಿ ಅದೇ ಸಾಲುಗಳ ಮೇಲೆ ಅಡ್ಡಡ್ಡ ಇನ್ನೊಂದು ಸುತ್ತು ಬರೆಯೋರು. 1840ರ ಮೇ ತಿಂಗಳಲ್ಲಿ ಪೆನ್ನಿ ಬ್ಲ್ಯಾಕ್ ಸ್ಟ್ಯಾಂಪ್ ಬಂದ್ಮೇಲೆ ಪದ್ಧತಿ ಬದಲಾಯ್ತು. ಈಗಿನ ಸಂಗ್ರಾಹಕರಿಗೆ ಆ ಮಡಚಿದ ಕಾಗದದ ಮೇಲಿನ ಅಂಚೆ ಮುದ್ರೆ ಬೇಕು, ಒಳಗೆ ಒಬ್ಬ ತಾಯಿ ಏನ್ ಬರೆದಿದ್ದಾಳೆ ಅನ್ನೋದು ವಿವರಣೆಯಲ್ಲಿ ಬರೋದೇ ಇಲ್ಲ. ಅಂಥದ್ದನ್ನ ಕ್ಯಾಟಲಾಗಲ್ಲಿ "ಎಂಟೈರ್" ಅಂತಾರೆ, ಲಕೋಟೆ ಆದ್ರೆ "ಕವರ್". ಆ ಎರಡು ಪದದ ಜೊತೆ ನಿಮ್ಮ ಊರಿನ ಹೆಸರು ಸೇರಿಸಿ ಹುಡುಕಿ, ವಿಳಾಸದ ಕಡೆಯ ಫೋಟೋ ಸಾಮಾನ್ಯವಾಗಿ ಇರತ್ತೆ, ಅದರಲ್ಲಿ ಯಾರಿಗೆ ಅಂತ ನೀವೇ ಓದ್ಕೋಬಹುದು.

ಕ್ಯಾಟಲಾಗಲ್ಲಿ ಬರೋ ಇನ್ನು ಕೆಲವು ಪದ: ಎಎಲ್‌ಎಸ್ ಅಂದ್ರೆ ಸ್ವಂತ ಕೈಯಲ್ಲಿ ಬರೆದು ಸಹಿ ಮಾಡಿದ ಪತ್ರ, ಟಿಎಲ್‌ಎಸ್ ಟೈಪ್ ಮಾಡಿ ಸಹಿ ಹಾಕಿದ್ದು, ಡಿಎಸ್ ಅಂದ್ರೆ ಸಹಿ ಇರೋ ದಾಖಲೆ. ಎಫೆಮೆರಾ ಅಂತ ಇದ್ರೆ ಟಿಕೆಟ್ಟು, ರಸೀದಿ, ಆಮಂತ್ರಣ, ಬಿಡಿ ಕಾಗದ ಎಲ್ಲ ಕಲಸಿ ಇಟ್ಟಿರೋದು, ಅಲ್ಲೇ ಜಾಸ್ತಿ ಸಿಗೋದು.

ಸಿಕ್ಕ ಕೂಡಲೇ ಆ ಪುಟನ ಸೇವ್ ಮಾಡ್ಕೊಳ್ಳಿ

ಬೇರೆ ಯಾವ ಕೆಲಸಕ್ಕೂ ಮುಂಚೆ ಇದು. ಲಾಟ್ ನಂಬರ್ (ಒಟ್ಟಿಗೆ ಒಂದೇ ಸಲಕ್ಕೆ ಮಾರೋ ಸಾಮಾನಿಗೆ ಲಾಟ್ ಅಂತಾರೆ), ಮಾರಾಟದ ತಾರೀಕು, ವಿವರಣೆ, ಎಲ್ಲ ಫೋಟೋ ದೊಡ್ಡದು ಮಾಡಿ ಡೌನ್‌ಲೋಡ್ ಮಾಡಿ ಪಿಡಿಎಫ್ ಇಟ್ಕೊಳ್ಳಿ. ಮಾರಾಟ ಆದ್ಮೇಲೆ ಎಷ್ಟೋ ಕಡೆ ಫೋಟೋ ತೆಗೆದ್ಬಿಡ್ತಾರೆ. ಕಾಗದ ನಿಮಗೆ ಸಿಗದೇ ಹೋದ್ರೂ ಫೋಟೋದಲ್ಲಿ ಕಾಣೋ ಅಷ್ಟನ್ನಾದ್ರೂ ಓದಬಹುದು, ನನ್ನ ಹತ್ರ ಆ ಮೂರು ಸಾಲು ಉಳ್ಕೊಂಡಿರೋದು ಹಂಗೇನೇ.

ಹರಾಜು ಸಂಸ್ಥೆಗೆ ಬರೆಯೋದು

ಫೋನಿಗಿಂತ ಮೇಲ್ ಒಳ್ಳೇದು. ಒಟ್ಟು ಎಷ್ಟು ಕಾಗದ ಇವೆ, ಯಾವ ವರ್ಷದಿಂದ ಯಾವ ವರ್ಷಕ್ಕೆ, ಯಾರಿಂದ ಯಾರಿಗೆ, ಹರಿದಿದ್ಯಾ, ಹುಳ ತಿಂದಿದ್ಯಾ, ಒದ್ದೆ ಆಗಿದ್ದ ಗುರುತಿದ್ಯಾ, ಇನ್ನು ಹತ್ತು ಫೋಟೋ ಕಳಿಸ್ತೀರಾ ಅಂತ ಕೇಳಿ. ಕಂಡೀಷನ್ ರಿಪೋರ್ಟ್ ಅಂತ ಕೇಳಿದ್ರೆ ಕೊಡ್ತಾರೆ, ಅದಕ್ಕೆ ದುಡ್ಡು ತಗೊಳ್ಳೋದು ಅಪರೂಪ. "ಎಲ್ಲ ದೋಷಗಳ ಸಮೇತ, ವಾಪಸ್ ಇಲ್ಲ" ಅಂತ ವಿವರಣೆಯಲ್ಲಿದ್ರೆ ಮಾತ್ರ ಇನ್ನೂ ಜಾಗ್ರತೆಯಾಗಿ ಕೇಳಿ. ಮಾರಾಟಕ್ಕೆ ಮುಂಚೆ ಹೋಗಿ ನೋಡೋಕೆ ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟಿರ್ತಾರೆ, ಹೋಗೋಕಾದ್ರೆ ಖಂಡಿತ ಹೋಗಿ, ಪೆನ್ಸಿಲ್ ನೋಟ್‌ಬುಕ್ ತಗೊಂಡೋಗಿ ಕೂತು ಓದಿ. ಆ ಎರಡು ಗಂಟೇಲಿ ಓದಿ ಬರ್ಕೊಂಡಿದ್ದನ್ನ ಯಾರೂ ನಿಮ್ಮಿಂದ ಕಿತ್ಕೊಳ್ಳೋಕಾಗಲ್ಲ, ಯಾರೇ ಗೆಲ್ಲಲಿ.

ಇದು ನಮ್ಮ ಮನೆತನದ್ದು ಅಂತ ಸಂಸ್ಥೆಗೆ ಹೇಳ್ಬೇಕಾ ಅಂತ ಕೆಲವರು ಕೇಳ್ತಾರೆ. ಸಂಸ್ಥೆಗೆ ಹೇಳಿ, ಕೆಲವು ಸಲ ಸಹಾಯ ಮಾಡ್ತಾರೆ. ಆದ್ರೆ ಸೋಷಿಯಲ್ ಮೀಡಿಯಾದಲ್ಲಿ ಹಾಕ್ಕೋಬೇಡಿ, ಮಾರಾಟ ಮುಗಿಯೋವರೆಗಾದ್ರೂ. ಅದಕ್ಕಿಂತ ಮುಖ್ಯ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿಗೆ ಮೊದಲೇ ಫೋನ್ ಮಾಡಿ. ಒಂದೇ ಮನೆತನದ ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಕಟ್ಟಿಗೆ ಸವಾಲು ಕೂಗಿ ಬೆಲೆ ಮೂರು ಪಟ್ಟು ಏರಿಸಿದ್ದನ್ನ ನಾನೇ ನೋಡಿದೀನಿ, ಆಮೇಲೆ ಗೊತ್ತಾಗಿ ಇಬ್ಬರೂ ಮಾತು ಬಿಟ್ರು. ಎಲ್ಲ ಸೇರಿ ದುಡ್ಡು ಹಾಕಿ ಒಬ್ಬರ ಹೆಸರಲ್ಲಿ ಕೊಂಡು, ಸ್ಕ್ಯಾನ್ ಎಲ್ಲರಿಗೂ ಹಂಚ್ಕೊಳ್ಳೋದು ಒಳ್ಳೆ ದಾರಿ.

ಇದು ನಿಜವಾಗ್ಲೂ ಯಾರದ್ದು?

ಇಲ್ಲಿ ಸ್ವಲ್ಪ ನಿಂತು ಓದಿ. "ನಮ್ಮಜ್ಜ ಬರೆದದ್ದು, ಹಾಗಾಗಿ ನಮ್ಮದು" ಅನ್ನೋದು ಕಾನೂನಲ್ಲಿ ನಿಲ್ಲಲ್ಲ. ಕಾಗದ ಯಾರಿಗೆ ಬಂತೋ ಹಾಳೆ ಅವರದ್ದು, ಆಮೇಲೆ ಅವರ ವಾರಸುದಾರರದ್ದು, ಅವರು ಮಾರಿದ್ರೆ ಕೊಂಡವರದ್ದು. ಆದ್ರೆ ಆ ಮಾತುಗಳ ಮೇಲಿನ ಹಕ್ಕು, ಅಂದ್ರೆ ಕಾಪಿರೈಟ್, ಬರೆದವರದ್ದು. ಇಂಗ್ಲೆಂಡಲ್ಲಿ 1741ರಲ್ಲಿ ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನ ಕೇಳದೆ ಅಚ್ಚು ಹಾಕಿದ ಪುಸ್ತಕ ವ್ಯಾಪಾರಿ ಎಡ್ಮಂಡ್ ಕರ್ಲ್ ಮೇಲೆ ಕೋರ್ಟಿಗೆ ಹೋದಾಗ ಈ ವ್ಯತ್ಯಾಸ ಮಾಡಿದ್ರು, ಇವತ್ತಿಗೂ ಬಹಳ ದೇಶಗಳಲ್ಲಿ ಅದೇ ನಡೀತಿದೆ. 1999ರಲ್ಲಿ ಲೇಖಕ ಸ್ಯಾಲಿಂಜರ್ ಒಬ್ಬರಿಗೆ ಬರೆದ ಖಾಸಗಿ ಪತ್ರಗಳು ಸೋದಬೀಸ್ ಅನ್ನೋ ಹರಾಜು ಸಂಸ್ಥೆಯಲ್ಲಿ ಮಾರಾಟಕ್ಕೆ ಬಂದಾಗ ಅವರು ಬದುಕಿದ್ರೂ ಮಾರಾಟ ನಿಲ್ಲಲಿಲ್ಲ, ಯಾಕಂದ್ರೆ ಹಾಳೆ ಅವರದ್ದಲ್ಲ. ಕೊಂಡವರು ಪೀಟರ್ ನಾರ್ಟನ್ ಅನ್ನೋ ಸಾಫ್ಟ್‌ವೇರ್ ಉದ್ಯಮಿ, ಅವರು ಪತ್ರಗಳನ್ನ ಸ್ಯಾಲಿಂಜರ್‌ಗೇ ವಾಪಸ್ ಕೊಡ್ತೀನಿ ಅಂದ್ರು. ಓದಿದಾಗ ಕಣ್ಣು ತುಂಬಿ ಬಂತು ನಂಗೆ.

ನಿಜವಾಗಿ ಕಳ್ಳತನ ಆಗಿದ್ರೆ, ಅಥವಾ ಆಸ್ತಿ ಇನ್ನೂ ಹಂಚಿಕೆ ಆಗದೇ ಇರುವಾಗ ಒಬ್ಬರೇ ತಗೊಂಡೋಗಿ ಮಾರ್ತಿದ್ರೆ, ಅದು ಬೇರೆ. ಆಗ ಮಾರಾಟಕ್ಕೆ ಮುಂಚೆ ಲಿಖಿತವಾಗಿ ಸಂಸ್ಥೆಗೆ ತಿಳಿಸಿ, ಲಾಟ್ ತಡೆಹಿಡೀರಿ ಅಂತ ಕೇಳಿ, ಜೊತೆಗೆ ಸಾಕ್ಷಿ ಕೊಡಿ: ವಿಲ್ಲು, ಹಳೆ ಫೋಟೋ, ಇನ್ಶೂರೆನ್ಸ್ ಪಟ್ಟಿ, ಪೊಲೀಸ್ ದೂರು. ಕಳುವಾದ ಕಲಾವಸ್ತುಗಳ ಪಟ್ಟಿ ಇಡೋ ಆರ್ಟ್ ಲಾಸ್ ರಿಜಿಸ್ಟರ್‌ನಲ್ಲೂ ನೋಂದಾಯಿಸಬಹುದು, ದೊಡ್ಡ ಹರಾಜು ಸಂಸ್ಥೆಗಳು ಅದನ್ನ ನೋಡ್ತಾರೆ. ಇದಕ್ಕೆ ಒಬ್ಬ ವಕೀಲರು ಬೇಕೇ ಬೇಕು, ಬರೀ ಕೋಪದ ಮೇಲ್ ಕಳಿಸಿದ್ರೆ ಕೆಲಸ ಆಗಲ್ಲ.

ಮನೆತನದ ಕಟ್ಟಲ್ಲಿ ಸರ್ಕಾರಿ ದಾಖಲೆ ಇದ್ರೂ ಹುಷಾರು. 1865ರಲ್ಲಿ ಒಬ್ಬ ಸೈನಿಕ ಎತ್ಕೊಂಡೋದ ಅಮೆರಿಕ ಸಂವಿಧಾನದ ಹಕ್ಕುಗಳ ಮಸೂದೆಯ ನಾರ್ತ್ ಕ್ಯಾರೊಲಿನಾ ರಾಜ್ಯದ ಪ್ರತಿಯನ್ನ 2003ರಲ್ಲಿ, ಅಂದ್ರೆ 138 ವರ್ಷ ಆದ್ಮೇಲೂ ಎಫ್‌ಬಿಐ ಹಿಡಿದು ವಾಪಸ್ ತಂತು. ಬೇರೆ ದೇಶದಿಂದ ತರಿಸೋದಾದ್ರೆ ರಫ್ತು ಪರವಾನಗಿ ಬೇಕಾ ಅಂತಾನೂ ಬಿಡ್ ಮಾಡೋಕೆ ಮುಂಚೆ ಕೇಳಿ, ಹಳೆ ಕೈಬರಹಕ್ಕೆ ಎಷ್ಟೋ ದೇಶಗಳಲ್ಲಿ ನಿಯಮ ಇದೆ.

ದುಡ್ಡಿನ ಲೆಕ್ಕ

ಸುತ್ತಿಗೆ ಬಿದ್ದ ಬೆಲೆ ನೀವು ಕೊಡೋ ಬೆಲೆ ಅಲ್ಲ. ಅದರ ಮೇಲೆ ಕೊಂಡವರ ಕಮಿಷನ್ ಅಂತ ಹಾಕ್ತಾರೆ, ಬಯರ್ಸ್ ಪ್ರೀಮಿಯಂ ಅದರ ಹೆಸರು. 1975ರಲ್ಲಿ ಲಂಡನ್ನಿನ ಎರಡು ದೊಡ್ಡ ಸಂಸ್ಥೆಗಳು, ಕ್ರಿಸ್ಟೀಸ್ ಮತ್ತು ಸೋದಬೀಸ್, ಶೇಕಡ 10ರಿಂದ ಇದನ್ನ ಶುರು ಮಾಡಿದವು, ಈಗ ಶೇಕಡ 20ರಿಂದ 30 ಮಾಮೂಲು. ಆ ಕಮಿಷನ್ ಮೇಲೆ ತೆರಿಗೆ, ಆನ್‌ಲೈನ್ ಸೈಟಿನ ಮೂಲಕ ಬಿಡ್ ಮಾಡಿದ್ರೆ ಅದಕ್ಕೆ ಇನ್ನೊಂದಿಷ್ಟು, ಪ್ಯಾಕಿಂಗ್, ಸಾಗಾಣಿಕೆ, ಇನ್ಶೂರೆನ್ಸ್, ಬೇರೆ ದೇಶ ಆದ್ರೆ ಕಸ್ಟಮ್ಸ್. ಸುತ್ತಿಗೆ 100ಕ್ಕೆ ಬಿದ್ರೆ ಮನೆಗೆ ಬರೋ ಹೊತ್ತಿಗೆ 140, 150 ಆಗೋದು ಆಶ್ಚರ್ಯ ಅಲ್ಲ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1953ರ ಮಾರ್ಚ್ 19ರಂದು ಹಾಸ್ಟೆಲಲ್ಲಿದ್ದ 12 ವರ್ಷದ ಮಗನಿಗೆ ಅದನ್ನ ಚಿತ್ರ ಬರೆದು ವಿವರಿಸಿದ ಪತ್ರ 2013ರಲ್ಲಿ ಕ್ರಿಸ್ಟೀಸ್‌ನಲ್ಲಿ ಮಾರಾಟ ಆಯ್ತಲ್ಲ, ಸುತ್ತಿಗೆ ಬಿದ್ದಿದ್ದು 53 ಲಕ್ಷ ಡಾಲರ್‌ಗೆ, ಕಮಿಷನ್ ಸೇರಿ 60 ಲಕ್ಷ ದಾಟಿತು. ಅದು ಒಬ್ಬ ಅಪ್ಪ ಮಗನಿಗೆ ಬರೆದ ಕಾಗದ, ಕೊನೇಲಿ ಸಹಿ "ಡ್ಯಾಡಿ" ಅಂತ.

ಹೆಸರಾಂತ ವ್ಯಕ್ತಿ ಯಾರೂ ಇಲ್ಲದ ಮಾಮೂಲಿ ಮನೆಯ ಪತ್ರಗಳು ಸಾಮಾನ್ಯವಾಗಿ ಅಗ್ಗ. ಬೆಲೆ ಏರಿಸೋದು ಅದರಲ್ಲಿರೋ ಬೇರೆ ಏನೋ: ಅಪರೂಪದ ಸ್ಟ್ಯಾಂಪು, ಯುದ್ಧದ ಸುದ್ದಿ, ಹಡಗಿನ ಪ್ರಯಾಣ, ಗೊತ್ತಿರೋ ಹೆಸರಿನ ಒಂದೇ ಒಂದು ಸಹಿ. ಅದೇ ಸಂಸ್ಥೆಯ ಹಳೆ ಮಾರಾಟಗಳನ್ನ ನೋಡಿದ್ರೆ ಇಂಥ ಕಟ್ಟು ಎಷ್ಟಕ್ಕೆ ಹೋಗತ್ತೆ ಅಂತ ಅಂದಾಜು ಸಿಗತ್ತೆ. ಕ್ಯಾಟಲಾಗಲ್ಲಿ ಕೊಟ್ಟಿರೋ ಎರಡು ಅಂದಾಜು ಬೆಲೆಯಲ್ಲಿ ಕೆಳಗಿನದಕ್ಕಿಂತ ರಿಸರ್ವ್ ಬೆಲೆ, ಅಂದ್ರೆ ಅಷ್ಟು ಬರದಿದ್ರೆ ಮಾರಲ್ಲ ಅನ್ನೋ ಕನಿಷ್ಠ ಬೆಲೆ, ಸಾಮಾನ್ಯವಾಗಿ ಜಾಸ್ತಿ ಇರಲ್ಲ.

ಎಲ್ಲ ಖರ್ಚು ಸೇರಿಸಿ ನನ್ನ ಕೈಲಿ ಇಷ್ಟೇ ಆಗೋದು ಅಂತ ಒಂದು ಅಂಕಿ ಬರೆದು ಮನೆಯವರಿಗೆ ತೋರಿಸಿ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಬಿಡ್ ಎಷ್ಟು ಅಂತ ತೆಗೀರಿ. ನಮ್ಮವರ ಕೈಬರಹ ಸ್ಕ್ರೀನ್ ಮೇಲೆ ಇರುವಾಗ, ಎದುರಿಗೆ ಯಾರೋ ಗೊತ್ತಿಲ್ಲದವರು ಏರಿಸ್ತಾ ಇರುವಾಗ, ಅಲ್ಲೇ ಲೆಕ್ಕ ಹಾಕ್ತೀನಿ ಅನ್ನೋದು ಆಗದ ಮಾತು.

ಹರಾಜಿನ ದಿನ

ಎರಡು ದಿನ ಮುಂಚೆ ರಿಜಿಸ್ಟರ್ ಮಾಡಿ, ಗುರುತಿನ ಚೀಟಿ, ಕಾರ್ಡು ಕೇಳ್ತಾರೆ, ಕೊನೇ ಗಂಟೇಲಿ ಒಪ್ಪಿಗೆ ಸಿಗದೇ ಹೋಗಬಹುದು. ಟೈಮ್ ಜೋನ್ ನೋಡ್ಕೊಳ್ಳಿ, ಒಂದ್ಸಲ ನಾನು ಬೆಳಗ್ಗೆ ಅನ್ಕೊಂಡಿದ್ದು ಅವರಿಗೆ ಹಿಂದಿನ ರಾತ್ರೀನೇ ಮುಗಿದಿತ್ತು. ಭಾವನೆ ತಡ್ಕೊಳ್ಳೋಕಾಗಲ್ಲ ಅನ್ನೋರು ಆಬ್ಸೆಂಟೀ ಬಿಡ್ ಕೊಟ್ಟುಬಿಡಿ, ಅಂದ್ರೆ ನಿಮ್ಮ ಗರಿಷ್ಠ ಮೊತ್ತ ಮೊದಲೇ ಬರೆದು ಕೊಡೋದು, ಅವರು ನಿಮ್ಮ ಪರವಾಗಿ ಎಷ್ಟು ಬೇಕೋ ಅಷ್ಟೇ ಏರಿಸ್ತಾರೆ. ನಾನೀಗ ಹಂಗೇ ಮಾಡೋದು.

ಯಾರೂ ಕೂಗದೆ ಲಾಟ್ ಹಂಗೇ ಉಳಿದ್ರೆ ಅದೇ ದಿನ ಫೋನ್ ಮಾಡಿ. ಮಾರಾಟವಾಗದ ಲಾಟನ್ನ ಹರಾಜಿನ ನಂತರ ಮಾತಾಡಿ ಕೊಡೋದುಂಟು, ಕೆಲವು ಸಲ ಅಂದಾಜಿಗಿಂತ ಕಮ್ಮಿಗೇ. ನನಗೆ ಸಿಕ್ಕ ಒಂದು ಡಬ್ಬ ಹೀಗೇ ಬಂದಿದ್ದು.

ಸೋತ್ರೆ? ಇಲ್ಲೇ ನಿಜವಾದ ಕೆಲಸ ಇರೋದು

ಬಹಳ ಜನ ಇಲ್ಲಿಗೆ ಕೈಚೆಲ್ಲಿ ಕೂತ್ಬಿಡ್ತಾರೆ, ದಯವಿಟ್ಟು ಕೂರಬೇಡಿ. ಗೆದ್ದವರು ಹೆಚ್ಚಿನ ಸಲ ವ್ಯಾಪಾರಿ, ಅವರು ಕಟ್ಟು ಬಿಚ್ಚಿ ಒಂದೊಂದೇ ಮಾರ್ತಾರೆ, ಆ ಬಿಚ್ಚೋ ಕೆಲಸ ಶುರು ಆಗೋಕೆ ಮುಂಚೆ ನೀವು ಅವರನ್ನ ಮುಟ್ಟಬೇಕು, ಅಂದ್ರೆ ಆದಷ್ಟು ಬೇಗ, ಆದ್ರೆ ಒಂದು ವಾರದೊಳಗೇ. ಸಂಸ್ಥೆಯವರು ಕೊಂಡವರ ಹೆಸರು ಹೇಳಲ್ಲ, ಆದ್ರೆ ನಿಮ್ಮ ಪತ್ರವನ್ನ ಅವರಿಗೆ ತಲುಪಿಸ್ತೀರಾ ಅಂದ್ರೆ ಬಹಳಷ್ಟು ಕಡೆ ತಲುಪಿಸ್ತಾರೆ. ಚಿಕ್ಕದಾಗಿ ಬರೀರಿ, ಯಾರು, ಏನು ಸಂಬಂಧ, ಏನು ಬೇಕು.

ಏನು ಬೇಕು ಅನ್ನೋದನ್ನ ಸರಿಯಾಗಿ ಕೇಳೋದೇ ಇದರ ಜೀವ. ವ್ಯಾಪಾರಿಗೆ ಬೇಕಿರೋದು ಲಕೋಟೆ, ಸ್ಟ್ಯಾಂಪು, ಮುದ್ರೆ, ದೊಡ್ಡ ಹೆಸರಿನ ಸಹಿ. ನಿಮಗೆ ಬೇಕಿರೋದು ಒಳಗಿನ ಮಾತು. ಎರಡೂ ಬೇರೆ ಬೇರೆ, ಜಗಳಾನೇ ಇಲ್ಲ! "ಮಾರಬೇಕಾದ ಕವರೆಲ್ಲ ನೀವೇ ಇಟ್ಕೊಳ್ಳಿ, ಮಾರಾಟ ಆಗದ ಕಾಗದಗಳನ್ನ ಇಂತಿಷ್ಟಕ್ಕೆ ನನಗೆ ಕೊಡಿ, ಮಿಕ್ಕ ಎಲ್ಲಾ ಪುಟದ ಫೋಟೋ ತೆಗೆಯೋಕೆ ಬಿಡಿ, ಅದಕ್ಕೂ ಹಣ ಕೊಡ್ತೀನಿ" ಅಂತ ಕೇಳಿ. ನಮ್ಮ ಮುತ್ತಜ್ಜನ ತಮ್ಮನ ಕಟ್ಟಿನ ವಿಷಯದಲ್ಲಿ ನಾನು ಇದನ್ನೇ ಮಾಡಿದ್ದು, ಹದಿನಾಲ್ಕು ಕಾಗದದ ಫೋಟೋ ಬಂತು, ಐದು ಮೂಲ ಕಾಗದಾನೇ ಸಿಕ್ತು. ಜ್ವರದ ಕಾಗದ ಆ ಐದರಲ್ಲಿದೆ.

ಕೊಂಡಿದ್ದು ಲೈಬ್ರರಿ ಆದ್ರೆ ಅದು ಒಳ್ಳೇ ಸುದ್ದಿ ಅಂತಾನೇ ತಿಳ್ಕೊಳ್ಳಿ, ಕಟ್ಟು ಒಡೆಯಲ್ಲ, ನಿಧಾನವಾಗಿಯಾದ್ರೂ ಕ್ಯಾಟಲಾಗಾಗಿ ಯಾರು ಬೇಕಾದ್ರೂ ಓದೋ ಹಾಗಾಗತ್ತೆ. ಕೆಲವು ಸಲ ಹರಾಜೇ ನಿಂತು ಪೂರ್ತಿ ಸಂಗ್ರಹ ಒಟ್ಟಿಗೆ ಉಳಿದಿದೆ: 2006ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕಾಗದಪತ್ರಗಳನ್ನ ಅಟ್ಲಾಂಟಾದ ಜನ ಹಣ ಸೇರಿಸಿ ಹರಾಜಿಗೆ ಮುಂಚೆನೇ ಕೊಂಡರು, 2012ರಲ್ಲಿ ಗಾಂಧಿ ಮತ್ತು ಅವರ ಗೆಳೆಯ ಹರ್ಮನ್ ಕ್ಯಾಲನ್‌ಬಾಕ್ ನಡುವಿನ ಪತ್ರಗಳನ್ನ ಭಾರತ ಸರ್ಕಾರ ಹಾಗೇ ತಗೊಂಡಿತು, 2021ರಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿಯರಾದ ಬ್ರಾಂಟೆ ಸೋದರಿಯರ ಹಸ್ತಪ್ರತಿಗಳಿದ್ದ ಹಾನ್ರೆಸ್‌ಫೀಲ್ಡ್ ಸಂಗ್ರಹದ ಮಾರಾಟ ಮುಂದಕ್ಕೆ ಹಾಕಿ ಬ್ರಿಟನ್ನಿನ ಲೈಬ್ರರಿಗಳಿಗೆ 1.5 ಕೋಟಿ ಪೌಂಡ್ ಸೇರಿಸೋಕೆ ಟೈಮ್ ಕೊಟ್ರು. ನಿಮ್ಮ ಮನೆಯ ಕಾಗದ ಅಷ್ಟು ದೊಡ್ಡದಲ್ಲದಿದ್ರೂ ಆ ಪ್ರದೇಶದ ದಾಖಲಾಗಾರಕ್ಕೆ ಒಂದು ಮೇಲ್ ಹಾಕಿ ನೋಡಿ, ಊರಿನ ಇತಿಹಾಸಕ್ಕೆ ಬೇಕಾದದ್ದು ಅಂದ್ರೆ ಅವರೂ ಆಸಕ್ತಿ ತೋರಿಸ್ತಾರೆ.

ಗೆದ್ದು ಮನೆಗೆ ಬಂದ್ಮೇಲೆ

ಬಂದ ಕೂಡಲೇ ನಿಮ್ಮ ಪುಸ್ತಕದ ಕಪಾಟಿಗೆ ಇಡಬೇಡಿ. ಹುಳ, ಬೂಷ್ಟು ಇದ್ಯಾ ಅಂತ ಬೇರೆ ಕಡೆ ಇಟ್ಟು ನೋಡಿ. ಜೀವ ಇರೋ ಹುಳ ಕಂಡ್ರೆ ಒಣಗಿದ ಕಾಗದನ್ನ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಮುಚ್ಚಿ ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿ ಒಂದೆರಡು ವಾರ ಇಡೋದು ಮ್ಯೂಸಿಯಂಗಳಲ್ಲೂ ಮಾಡೋ ಪದ್ಧತಿ, ಹೊರಗೆ ತೆಗೆದ ಮೇಲೆ ಚೀಲ ಒಂದು ದಿನ ಬಿಚ್ಚಬಾರದು, ನೀರು ಕೂರತ್ತೆ. ಅರಗಿನ ಮುದ್ರೆ, ಫೋಟೋ ಇದ್ರೆ ಮಾತ್ರ ತಜ್ಞರನ್ನ ಕೇಳ್ದೆ ಹೀಗೆ ಮಾಡಬೇಡಿ.

ಬಂದ ಕ್ರಮ ಕೆಡಿಸಬೇಡಿ. ತಾರೀಕಿನ ಪ್ರಕಾರ ಜೋಡಿಸೋಣ ಅಂತ ಕೈ ತುರಿಸತ್ತೆ, ಗೊತ್ತು. ಆದ್ರೆ ಅಜ್ಜಿ ಒಂದು ದಾರದಲ್ಲಿ ಕಟ್ಟಿಟ್ಟ ಏಳು ಕಾಗದಕ್ಕೆ ಅವಳದ್ದೇ ಒಂದು ಕಾರಣ ಇತ್ತು. ಮೂಲ ಸಂಗ್ರಹ ಒಡೆಯಬಾರದು ಅನ್ನೋದನ್ನ ಫ್ರಾನ್ಸಿನ ಸರ್ಕಾರಿ ದಾಖಲಾಗಾರಗಳಿಗೆ 1841ರಲ್ಲೇ ನಿಯಮ ಮಾಡಿದ್ರು. ಮೊದಲು ಇದ್ದ ಹಾಗೇ ಒಂದೊಂದರ ಫೋಟೋ, ಹಿಂಬದಿಯಲ್ಲಿ ಮೂಲೇಲಿ ಪೆನ್ಸಿಲಲ್ಲಿ ಸಣ್ಣ ನಂಬರ್, ಆಮೇಲೆ ಬೇರೆ ಪಟ್ಟಿಯಲ್ಲಿ ತಾರೀಕಿನ ಕ್ರಮ.

ತುಕ್ಕು ಹಿಡಿದ ಪಿನ್ನು, ರಬ್ಬರ್ ಬ್ಯಾಂಡ್ ನಿಧಾನವಾಗಿ ತೆಗೀರಿ. ಸೆಲ್ಲೋ ಟೇಪ್ ಹಾಕಬಾರದು, ಲ್ಯಾಮಿನೇಷನ್ ಅಂತೂ ಯಾವತ್ತೂ ಮಾಡಿಸಬಾರದು, ಅದನ್ನ ಆಮೇಲೆ ಬಿಡಿಸೋಕೆ ಬರಲ್ಲ. ಬಿಳಿ ಕೈಗವಸು ಬೇಡ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡ್ರೆ ಸಾಕು, ಗವಸಲ್ಲಿ ಅಂಚು ಹರಿಯೋದೇ ಜಾಸ್ತಿ. ಇಡೋಕೆ ಆಮ್ಲ ಇಲ್ಲದ ಪೇಪರ್ ಫೋಲ್ಡರ್ ಮತ್ತು ಡಬ್ಬ, ಜಾಗ ತಂಪಾಗಿ ಒಣಗಿರಬೇಕು, ಅಟ್ಟ ಬೇಡ, ನೆಲಮಾಳಿಗೆ ಬೇಡ. ಒಂದು ವಿಚಿತ್ರ ಏನಂದ್ರೆ, 1790ರ ಕಾಗದ 1920ರದ್ದಕ್ಕಿಂತ ಗಟ್ಟಿಯಾಗಿರಬಹುದು, ಹಳೇದು ಬಟ್ಟೆ ಚಿಂದಿಯಿಂದ ಮಾಡಿದ್ದು, 19ನೇ ಶತಮಾನದ ಮಧ್ಯದಿಂದ ಬಂದದ್ದು ಮರದ ತಿರುಳಿಂದ, ಅದರೊಳಗಿನ ಆಮ್ಲವೇ ಅದನ್ನ ತಿನ್ನತ್ತೆ. ಶಾಯಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರದ ಜಾಗದಲ್ಲೇ ತೂತು ಬಿದ್ದಿದ್ರೆ ಅದು ಕಬ್ಬಿಣದ ಅಂಶ ಇರೋ ಶಾಯಿ, ಅಂಥದ್ದನ್ನ ಮತ್ತೆ ಮತ್ತೆ ಮಡಚಿ ಬಿಚ್ಚಬೇಡಿ.

ಸ್ಕ್ಯಾನ್ 400 ಡಿಪಿಐಗೆ (ಸ್ಕ್ಯಾನ್ ಎಷ್ಟು ಸ್ಪಷ್ಟ ಅನ್ನೋದರ ಅಳತೆ) ಕಮ್ಮಿ ಬೇಡ, ಖಾಲಿ ಪುಟ, ಲಕೋಟೆ, ಹಿಂಬದಿ ಎಲ್ಲಾ ಸೇರಿಸಿ. ಓದೋಕೆ ಕಷ್ಟ ಆದ್ರೆ ಟ್ರಾನ್ಸ್‌ಕ್ರಿಬಸ್ ಅನ್ನೋ ಸಾಫ್ಟ್‌ವೇರ್ ಹಳೆ ಕೈಬರಹ ಗುರುತಿಸತ್ತೆ, ತಪ್ಪು ಮಾಡತ್ತೆ ಆದ್ರೆ ಶುರು ಮಾಡೋಕೆ ಒಳ್ಳೇದು. ಅದಕ್ಕಿಂತ ಒಳ್ಳೇದು ಮನೆಯ ಹಿರಿಯರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಜೋರಾಗಿ ಓದೋದು, ಅಡ್ಡಹೆಸರಲ್ಲಿ ಕರೆದವರು ಯಾರು ಅಂತ ಅವರಿಗೆ ಮಾತ್ರ ಗೊತ್ತಿರತ್ತೆ. ಅದನ್ನ ಫೋನಲ್ಲಿ ರೆಕಾರ್ಡ್ ಮಾಡಿ, ನಾಳೆ ಅಂತ ಮುಂದೂಡಬೇಡಿ.

ಆನ್‌ಲೈನ್ ಹಾಕೋ ಆಸೆ ಬಂದ್ರೆ ಎರಡು ವಿಷಯ. ಕಾಪಿರೈಟ್ ಬರೆದವರದ್ದು ಅಂತ ಮೇಲೆ ಹೇಳಿದ್ನಲ್ಲ, ಅವರು ತೀರಿಹೋಗಿ ಬಹಳ ದೇಶಗಳಲ್ಲಿ 50ರಿಂದ 70 ವರ್ಷದವರೆಗೆ ಅದು ಅವರ ವಾರಸುದಾರರಿಗೆ ಇರತ್ತೆ, ಹಾಳೆ ದುಡ್ಡು ಕೊಟ್ಟು ಕೊಂಡ್ರೂ ನಿಮಗೆ ಬರಲ್ಲ. ಎರಡನೇದು, ಕಾಗದದಲ್ಲಿ ಕಾಯಿಲೆ, ದತ್ತು, ಮುರಿದ ಮದುವೆ ಇಂಥದ್ದು ಬಂದಿದ್ರೆ ಆ ಮಕ್ಕಳು ಮೊಮ್ಮಕ್ಕಳು ಬದುಕಿರ್ತಾರೆ, ಅವರನ್ನ ಕೇಳಿ.

ಕಾಗದ ಇನ್ನೂ ನಿಮ್ಮ ಮನೇಲೇ ಇದ್ದು, ಮಾರೋ ಯೋಚನೆ ಇದ್ರೆ

ಮಾರೋದು ತಪ್ಪು ಅಂತ ನಾನು ಹೇಳಲ್ಲ, ಕಷ್ಟ ಎಲ್ಲರಿಗೂ ಬರತ್ತೆ. ಆದ್ರೆ ಮೊದಲು ಪೂರ್ತಿ ಸ್ಕ್ಯಾನ್ ಮಾಡಿ, ಎಲ್ಲಾ ನೆಂಟರಿಗೆ ಒಂದು ತಿಂಗಳ ಟೈಮ್ ಕೊಟ್ಟು ಕೇಳಿ, ಒಂದೇ ಲಾಟ್ ಆಗಿ ಮಾರ್ತೀನಿ ಅಂತ ಸಂಸ್ಥೆ ಜೊತೆ ಬರವಣಿಗೇಲಿ ಒಪ್ಪಂದ ಮಾಡ್ಕೊಳ್ಳಿ. ಬೇರೆ ಬೇರೆ ಮಾಡಿದ್ರೆ ಜಾಸ್ತಿ ಬರತ್ತೆ ಅಂತಾರೆ, ಬಂದ್ರೂ ಬರಬಹುದು, ನಾನಂತೂ ಬೇಡ ಅಂತೀನಿ. ವಿಲ್ಲುಗಳು, ಜಮೀನಿನ ದಾಖಲೆ, ಬದುಕಿರೋರ ಗುರುತಿನ ಚೀಟಿ ನಂಬರ್ ಇರೋದನ್ನ ತೆಗೆದಿಟ್ಕೊಳ್ಳಿ.

ಕೊನೆಯದಾಗಿ, ಡಬ್ಬದ ಒಳಗೆ ಎಲ್ಲದಕ್ಕಿಂತ ಮೇಲೆ ಒಂದು ಹಾಳೆ ಇಡಿ, ಪೆನ್ಸಿಲಲ್ಲಿ ಬರೆದು: ಇವು ಯಾರ ಕಾಗದಗಳು, ಎಷ್ಟಿವೆ, ಎಲ್ಲಿಂದ ಬಂದವು, ಸ್ಕ್ಯಾನ್ ಎಲ್ಲಿದೆ, ನನ್ನ ನಂತರ ಯಾರಿಗೆ ಕೊಡಬೇಕು, ಅವರಿಗೆ ಬೇಡದಿದ್ರೆ ಯಾವ ದಾಖಲಾಗಾರಕ್ಕೆ. ಇದೇ ಸಾಲುಗಳನ್ನ ವಿಲ್ಲಲ್ಲೂ ಸೇರಿಸಿ, ಯಾಕಂದ್ರೆ ಮನೆ ಖಾಲಿ ಮಾಡೋಕೆ ಬಂದವರು ಡಬ್ಬದ ಮುಚ್ಚಳ ತೆಗೆದು ನೋಡದೆನೂ ಇರಬಹುದು.